ನಕ್ಷತ್ರ ನೋಡುವವರ ಗುಳೆ

ಬರ ಬಿದ್ದ ಊರಿನಿಂದ ಜನ ಗುಳೆ ಹೋಗುತ್ತಾರೆ. ಅಣೆಕಟ್ಟೆ ಎದ್ದ ಕಣಿವೆಯಿಂದ ಎತ್ತಂಗಡಿಯಾಗುತ್ತಾರೆ. ಗಣಿ ಹೊಕ್ಕ ಗುಡ್ಡದ ಬುಡದಿಂದ ಗಂಟುಮೂಟೆ ಕಟ್ಟುತ್ತಾರೆ. ಮಲೆನಾಡಿಗೆ ಇವೆಲ್ಲ ಹಳೆಯ ಕಥೆಗಳೇ. ಆದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ದೇಶದಲ್ಲಿ ಮತ್ತೊಂದು ಗುಳೆ ಸದ್ದಿಲ್ಲದೆ ನಡೆದಿದೆ. ಅದಕ್ಕೆ ಪರಿಹಾರದ ಹಣವಿಲ್ಲ, ಪುನರ್ವಸತಿಯ ಕಾಲೊನಿಯಿಲ್ಲ, ಹೋರಾಟ ಸಮಿತಿಯೂ ಇಲ್ಲ. ಆಕಾಶವನ್ನು ನೋಡಿ ಬರೆದಿಡುವುದನ್ನೇ ವೃತ್ತಿ ಮಾಡಿಕೊಂಡವರು, ಅಂದರೆ ಖಗೋಳ ವೀಕ್ಷಣಾಲಯಗಳ ವಿಜ್ಞಾನಿಗಳು, ಸಹಾಯಕರು ಮತ್ತು ರಾತ್ರಿಪಾಳಿಯ ನೌಕರರು, ಊರಿನಿಂದ ಬೆಟ್ಟಕ್ಕೆ, ಬೆಟ್ಟದಿಂದ ಇನ್ನೂ ದೂರದ ಬೆಟ್ಟಕ್ಕೆ, ಕೊನೆಗೆ ಮರವೂ ಬೆಳೆಯದ ಲಡಾಖಿನ ಎತ್ತರಕ್ಕೆ ಸರಿಯುತ್ತಲೇ ಹೋದರು. ಅವರನ್ನು ಅಟ್ಟಿಸಿಕೊಂಡು ಹೋದದ್ದು ಪ್ರವಾಹವಲ್ಲ, ಬೆಂಕಿಯಲ್ಲ; ಬೀದಿದೀಪ.

ಈ ವಲಸೆಯ ಅಳತೆ ಸಿಗಬೇಕಾದರೆ ಹಿಂದಕ್ಕೆ ಹೋಗಬೇಕು. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಮದರಾಸಿನ ನುಂಗಂಬಾಕ್ಕಂನಲ್ಲಿ ವೀಕ್ಷಣಾಲಯವೊಂದನ್ನು ಕಟ್ಟಿಸಿತು. 1861ರ ಏಪ್ರಿಲ್‌ನಲ್ಲಿ ನಾರ್ಮನ್ ಪಾಗ್ಸನ್ ಅಲ್ಲಿಂದಲೇ ಕ್ಷುದ್ರಗ್ರಹವೊಂದನ್ನು ಕಂಡುಹಿಡಿದು ಅದಕ್ಕೆ ‘ಏಷಿಯಾ’ ಎಂದು ಹೆಸರಿಟ್ಟರು. ಅದೇ ವೀಕ್ಷಣಾಲಯದ ಕೆಳಗಿನ ದರ್ಜೆಯಿಂದ ಮೇಲೇರಿ ಮೊದಲ ಸಹಾಯಕರಾದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ದಕ್ಷಿಣಾಕಾಶದ ರೆಟಿಕ್ಯುಲಮ್ ನಕ್ಷತ್ರಪುಂಜದಲ್ಲಿ ಬೆಳಕು ಏರಿಳಿಯುವ ಒಂದು ತಾರೆಯನ್ನು ಗುರುತಿಸಿದರು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕಾಗಿ ವನಪರ್ತಿಗೆ ತಂಡ ಕಟ್ಟಿಕೊಂಡು ಹೋದವರೂ ಅವರೇ. 1874ರ ಡಿಸೆಂಬರಿನಲ್ಲಿ ಶುಕ್ರ ಗ್ರಹವು ಸೂರ್ಯಬಿಂಬವನ್ನು ಹಾಯ್ದು ಹೋಗುವುದಿತ್ತು. ಸಾಮಾನ್ಯ ಜನರಿಗೂ ಪಂಚಾಂಗಕರ್ತರಿಗೂ ಅದನ್ನು ತಿಳಿಯಹೇಳಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲಿಯೂ ಪ್ರಕಟವಾಯಿತು. ರಾತ್ರಿ ದುರ್ಬೀನಿನ ಹಿಂದೆ ಕಣ್ಣು ಕೀಲಿಸಿ ಕೂರುವುದು, ಹಗಲು ಲೆಕ್ಕ ಹಾಕುವುದು, ಗ್ರಹಣವಿದ್ದಲ್ಲಿಗೆ ಪೆಟ್ಟಿಗೆ ಹೊರಿಸಿಕೊಂಡು ನಡೆಯುವುದು, ಕಂಡದ್ದನ್ನು ಜನರ ಮಾತಿನಲ್ಲಿ ಹೇಳುವುದು: ಖಗೋಳ ಕಾಯಕದವನ ಬದುಕೆಂದರೆ ಇಷ್ಟು. ಇದೆಲ್ಲ ನಡೆದದ್ದು ಒಂದು ದೊಡ್ಡ ಪಟ್ಟಣದ ಅಂಚಿನಲ್ಲಿ ಎಂಬುದನ್ನು ಮರೆಯಬಾರದು. ಇಂದು ಅದೇ ನುಂಗಂಬಾಕ್ಕಂನಲ್ಲಿ ನಿಂತು ಆಕಾಶಗಂಗೆಯನ್ನು ತೋರಿಸುವಂತೆ ಯಾರಾದರೂ ಕೇಳಿದರೆ ಅದು ಕುಚೋದ್ಯವಾದೀತು.

ಸ್ವತಂತ್ರ ಭಾರತದ ಖಗೋಳವಿಜ್ಞಾನವನ್ನು ಕಟ್ಟಿದ ವೇಣು ಬಾಪು ಅವರ ಬದುಕನ್ನು ಭೂಪಟದ ಮೇಲೆ ಗೆರೆ ಎಳೆದು ನೋಡಿದರೆ ಆ ಗೆರೆಯೇ ಒಂದು ದೂರುಪತ್ರದಂತೆ ಕಾಣುತ್ತದೆ. 1954ರಲ್ಲಿ ವಾರಾಣಸಿಯಲ್ಲಿ ಆರಂಭವಾದ ಉತ್ತರಪ್ರದೇಶದ ವೀಕ್ಷಣಾಲಯ ಮರುವರ್ಷವೇ ನೈನಿತಾಲಿಗೆ ಏರಿತು. ಬಯಲ ಪಟ್ಟಣದ ಆಕಾಶ ಸಾಲದೆಂಬುದು ಆಗಲೇ ಸ್ಪಷ್ಟವಿತ್ತು. 1960ರಲ್ಲಿ ಬಾಪು ಕೊಡೈಕೆನಾಲಿಗೆ ಬಂದರು. ಸೂರ್ಯನ ಅಧ್ಯಯನಕ್ಕೆಂದು 1899ರಲ್ಲಿ ಸ್ಥಾಪಿತವಾದ ಆ ಬೆಟ್ಟ ಇರುಳಿನ ಕೆಲಸಕ್ಕೆ ಒದಗದೆಂದು ಕಂಡು, ದಕ್ಷಿಣದ ಗುಡ್ಡಸಾಲುಗಳನ್ನು ಸುತ್ತಿ ಕಡೆಗೆ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿಕೊಂಡರು. ಬೆಂಗಳೂರಿನಿಂದ ಅದು ಸುಮಾರು 175 ಕಿಲೊಮೀಟರ್ ದೂರ, ಸುತ್ತ ಕಾಡು, ಹತ್ತಿರದಲ್ಲಿ ದೊಡ್ಡ ಪಟ್ಟಣವಿಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ತಾರೆಯನ್ನು ಮರೆಮಾಡಿದಾಗ ಅದರ ಸುತ್ತ ಉಂಗುರಗಳಿರುವ ಸುಳಿವು ಕೊಟ್ಟ ವೀಕ್ಷಣೆಗಳಲ್ಲಿ ಕಾವಲೂರಿನದೂ ಒಂದು. ಬಾಪು 1982ರಲ್ಲಿ ತೀರಿಕೊಂಡರು. ಅವರು ಕನಸು ಕಂಡಿದ್ದ 2.34 ಮೀಟರ್ ದೂರದರ್ಶಕಕ್ಕೆ 1986ರಲ್ಲಿ ಅವರ ಹೆಸರನ್ನೇ ಇಡಲಾಯಿತು.

ಆದರೆ ಬೆಟ್ಟ ಏರಿದ ಮಾತ್ರಕ್ಕೆ ಬೆನ್ನಟ್ಟಿದ ದೀಪ ನಿಲ್ಲುತ್ತದೆಯೆ? ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ನಗರದ ಬೆಳಕಿನಿಂದ ತಪ್ಪಿಸಿಕೊಳ್ಳಲು 1960ರ ದಶಕದಲ್ಲಿ ಜಪಾಲ್-ರಂಗಾಪುರದ ಹಳ್ಳಿಗಾಡಿಗೆ ಹೋಯಿತು. ನಗರ ಅಲ್ಲಿಗೂ ಹಿಂಬಾಲಿಸಿತು. ನೈನಿತಾಲಿನ ಸಂಸ್ಥೆ ತನ್ನ 3.6 ಮೀಟರಿನ ದೊಡ್ಡ ದೂರದರ್ಶಕವನ್ನು ಊರ ಬಳಿಯ ಮನೋರಾ ಶಿಖರದಲ್ಲಿ ನಿಲ್ಲಿಸಲಿಲ್ಲ. ದೂರದ ದೇವಸ್ಥಲಕ್ಕೆ ಒಯ್ದು 2016ರಲ್ಲಿ ಉದ್ಘಾಟಿಸಿತು. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯು ಈ ಶತಮಾನದ ಹೊಸ್ತಿಲಲ್ಲಿ ಲಡಾಖಿನ ಹಾನ್ಲೆಗೆ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರಕ್ಕೆ ಏರಿತು. ಅಲ್ಲಿಂದ ಮುಂದೆ ಏರಲು ಬೆಟ್ಟವಿಲ್ಲ.

ಅಮೆರಿಕದಲ್ಲಿಯೂ ಇದೇ ಕಥೆ. ಲಾಸ್ ಏಂಜಲೀಸ್ ನಗರದ ನೆತ್ತಿಯ ಮೇಲಿರುವ ಮೌಂಟ್ ವಿಲ್ಸನ್ ಶಿಖರದಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ವಾಲ್ಟರ್ ಬಾಡೆ ಎಂಬ ಜರ್ಮನ್ ಮೂಲದ ವಿಜ್ಞಾನಿ ಇದ್ದರು. ಶತ್ರುವಿನ ದಾಳಿಗೆ ಹೆದರಿ ನಗರ ದೀಪ ಆರಿಸಿತು. ಆ ಕತ್ತಲಲ್ಲಿ ಬಾಡೆ ಆಂಡ್ರೊಮಿಡಾ ಗೆಲಾಕ್ಸಿಯ ಒಡಲೊಳಗಿನ ಬಿಡಿ ಬಿಡಿ ತಾರೆಗಳನ್ನು ಮೊದಲ ಬಾರಿಗೆ ಬೇರ್ಪಡಿಸಿ ನೋಡಿದರು. ತಾರೆಗಳಲ್ಲಿ ಎರಡು ಪೀಳಿಗೆಗಳಿವೆ ಎಂದು 1944ರಲ್ಲಿ ಸಾರಿದರು. ಯುದ್ಧ ಮುಗಿಯಿತು, ದೀಪ ಹತ್ತಿತು. 1985ರಲ್ಲಿ ಅಲ್ಲಿನ ನೂರು ಅಂಗುಲದ ದೂರದರ್ಶಕವನ್ನು ಸಂಸ್ಥೆ ಮುಚ್ಚಿ ಚಿಲಿ ದೇಶದ ಮರುಭೂಮಿಯತ್ತ ಮುಖ ಮಾಡಿತು. ಜಗತ್ತಿನ ಅತಿ ಶ್ರೀಮಂತ ನಾಡಿನ ವಿಜ್ಞಾನಕ್ಕೆ ಕತ್ತಲು ದೊರೆಯಲು ಒಂದು ಯುದ್ಧವೇ ಬೇಕಾಯಿತು ಎಂಬ ಮಾತು ಯಾವ ಸರ್ಕಾರಕ್ಕೂ ನಾಚಿಕೆ ತರಿಸಿದಂತಿಲ್ಲ.

ಹಾನ್ಲೆಯ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿ. ಅಲ್ಲಿ ರಾತ್ರಿಯಿಡೀ ಕುಳಿತವನ ಎದುರಿನ ಪರದೆಯ ಮೇಲೆ ದೇಶದ ಅತ್ಯಂತ ಕಪ್ಪು ಆಕಾಶ. ಕೋಟ್ಯಂತರ ವರ್ಷಗಳ ಹಿಂದೆ ಹೊರಟ ಬೆಳಕನ್ನು ಆತ ಹನಿಹನಿಯಾಗಿ ಹಿಡಿದು ದಾಖಲಿಸುತ್ತಾನೆ. ಚಹಾ ಕುಡಿಯಲು ಬಾಗಿಲು ತೆರೆದು ಹೊರಬಂದರೆ ಪಶ್ಚಿಮದ ದಿಗಂತದಲ್ಲಿ ಮಹಾನಗರದ ಹಳದಿ-ಬಿಳಿ ಮಬ್ಬು, ಹೆದ್ದಾರಿಯ ದೀಪಗಳ ಸಾಲು. ತಲೆಯ ಮೇಲೆ ಬೆರಳೆಣಿಕೆಯ ಚುಕ್ಕಿಗಳು. ಇದಕ್ಕಿಂತ ನಿಚ್ಚಳವಾದ ಸಾಕ್ಷ್ಯ ಬೇಕೆ? ತನ್ನ ತಲೆಯ ಮೇಲಿನ ಆಕಾಶವನ್ನು ಕಳೆದುಕೊಂಡವನು ಸಾವಿರಾರು ಕಿಲೊಮೀಟರ್ ಆಚೆಯ ಆಕಾಶವನ್ನು ತಂತಿಯಿಂದ ತರಿಸಿಕೊಂಡು ನೋಡಬೇಕಾಗಿದೆ. ಕೊಳವೆಬಾವಿ ಬತ್ತಿದ ಊರಿಗೆ ಟ್ಯಾಂಕರಿನಲ್ಲಿ ನೀರು ಬಂದ ಹಾಗೆ.

ಖಗೋಳ ಕಾಯಕದವರಿಗೆ ದೈನಂದಿನ ಕೆಲಸದಿಂದ ಒಂದು ತಿಳಿವಳಿಕೆ ಬಂದಿರುತ್ತದೆ. ಅದು ಹಳ್ಳಿಯ ಬೀದಿಗೂ ಸಲ್ಲುವಂಥದು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದೇ ಒಂದು ಬಿಳಿ ಟಾರ್ಚಿನ ಕುಡಿಗೆ ಅದು ಕ್ಷಣದಲ್ಲಿ ಹೋಗಿಬಿಡುತ್ತದೆ. ಆದ್ದರಿಂದಲೇ ವೀಕ್ಷಣಾಲಯದವರು ಟಾರ್ಚಿಗೆ ಕೆಂಪು ಕಾಗದ ಕಟ್ಟಿ, ನೆಲ ನೋಡಿಕೊಂಡು ನಡೆಯುತ್ತಾರೆ. ಮಂದ ಕೆಂಪು ಬೆಳಕಿನಲ್ಲಿ ಹೆಜ್ಜೆ ತಪ್ಪುವುದಿಲ್ಲ, ನಕ್ಷತ್ರವೂ ತಪ್ಪುವುದಿಲ್ಲ. ಎದುರಿನಿಂದ ಪ್ರಖರ ದೀಪ ಕಣ್ಣಿಗೆ ಹೊಡೆದಾಗ ಅದರ ಹಿಂದಿನ ಎಲ್ಲವೂ ಮಸಿಯಾಗುತ್ತದೆ ಎಂಬುದನ್ನು ರಾತ್ರಿ ಸೈಕಲ್ಲು ಹೊಡೆದ ಯಾವ ಮಲೆನಾಡಿಗನೂ ಬಲ್ಲ. ಹೆಚ್ಚು ಬೆಳಕು ಎಂದರೆ ಹೆಚ್ಚು ಕಾಣುವುದು ಎಂಬ ಸರಳ ಲೆಕ್ಕ ತಪ್ಪು.

ಬೀದಿಯಲ್ಲಿ ಹಚ್ಚಿದ ದೀಪ ಆಕಾಶವನ್ನು ಹೇಗೆ ಕೆಡಿಸುತ್ತದೆ ಎಂಬುದು ಗಹನವಾದ ವಿಷಯವೇನಲ್ಲ. ಮೇಲ್ಮುಖವಾಗಿ, ಅದಕ್ಕಿಂತ ಹೆಚ್ಚಾಗಿ ಅಡ್ಡಡ್ಡವಾಗಿ ಹೊರಟ ಬೆಳಕು ಗಾಳಿಯ ಕಣಗಳಿಗೆ, ಧೂಳಿಗೆ, ಮಂಜಿನ ಹನಿಗೆ ತಾಗಿ ಚದುರುತ್ತದೆ. ಆ ಚದುರಿದ ಬೆಳಕೇ ಊರ ಮೇಲಿನ ಮಬ್ಬು. ಕಿತ್ತಳೆ ಬೆಳಕಿಗಿಂತ ನೀಲಿ ಬೆಳಕು ಶುದ್ಧ ಗಾಳಿಯಲ್ಲಿಯೂ ಮೂರು ಪಟ್ಟಿಗಿಂತ ಹೆಚ್ಚು ಚದುರುತ್ತದೆ. ಹಳೆಯ ಸೋಡಿಯಂ ದೀಪ ಕಿತ್ತಳೆಯದು. ಅದರ ಜಾಗಕ್ಕೆ ಬಂದ ಅಗ್ಗದ ಎಲ್‌ಇಡಿ ಬಲ್ಬಿನ ತಣ್ಣನೆಯ ಬಿಳುಪಿನಲ್ಲಿ ನೀಲಿ ತುಂಬಿಕೊಂಡಿದೆ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ ಒಂದು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು ದೀಪಗಳನ್ನು ಬದಲಾಯಿಸಿತು. ವಿದ್ಯುತ್ ಉಳಿಯಿತು ಎಂದು ಜಾಹೀರಾತು ಹೇಳಿತು. ಆ ಉಳಿತಾಯ ನಿಜವೇ. ಆದರೆ ಅಗ್ಗವಾದದ್ದನ್ನು ಮನುಷ್ಯ ಹೆಚ್ಚು ಬಳಸುತ್ತಾನೆ: ಒಂದು ಕಂಬವಿದ್ದಲ್ಲಿ ಮೂರು, ಕಂಬದ ಜಾಗದಲ್ಲಿ ಹೈಮಾಸ್ಟ್, ಹೈಮಾಸ್ಟಿನ ಪಕ್ಕದಲ್ಲಿ ರಾತ್ರಿಯಿಡೀ ಉರಿಯುವ ಜಾಹೀರಾತು ಫಲಕ.

2016ರಲ್ಲಿ ಪ್ರಕಟವಾದ ಜಾಗತಿಕ ನಕಾಶೆಯ ಪ್ರಕಾರ ಮನುಕುಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಆಕಾಶಗಂಗೆ ಕಾಣುವುದೇ ಇಲ್ಲ. 2011ರಿಂದ 2022ರವರೆಗೆ ಜಗತ್ತಿನ ನಾನಾ ಕಡೆಯ ಸಾಮಾನ್ಯ ಜನರು ಬರಿಗಣ್ಣಿನಿಂದ ನೋಡಿ ಕಳಿಸಿದ ಐವತ್ತು ಸಾವಿರಕ್ಕೂ ಮಿಕ್ಕಿದ ವರದಿಗಳನ್ನು ಒಟ್ಟುಮಾಡಿದಾಗ, ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಬೆಳಗುತ್ತಿದೆಯೆಂದು 2023ರಲ್ಲಿ ಗೊತ್ತಾಯಿತು. ಅಂದರೆ ಎಂಟು ವರ್ಷ ತುಂಬುವುದರೊಳಗೆ ಇಮ್ಮಡಿ. ಮಗು ಹುಟ್ಟಿದಾಗ ಇದ್ದ ಆಕಾಶ ಅದು ಎರಡನೇ ತರಗತಿಗೆ ಹೋಗುವ ಹೊತ್ತಿಗೆ ಇರುವುದಿಲ್ಲ.

ಇಷ್ಟಾಗಿಯೂ ಇದು ವಿಜ್ಞಾನಿಗಳ ಪಾಡು, ಕೃಷಿಕರಿಗೇನು ಎಂದು ಕೇಳುವವರಿದ್ದಾರೆ. ಮಲೆನಾಡಿನಲ್ಲಿ ಮಳೆಗೆ ನಕ್ಷತ್ರದ ಹೆಸರಿದೆ ಎಂಬುದನ್ನು ಅವರು ಮರೆತಿರುವಂತಿದೆ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ: ನೇಗಿಲು, ನಾಟಿ, ಕಳೆ ಎಲ್ಲವೂ ಈ ಹೆಸರುಗಳ ಬೆನ್ನಿಗೆ ಬಿದ್ದಿವೆ. ಇದರಲ್ಲೊಂದು ಸೋಜಿಗವಿದೆ. ಆರಿದ್ರ ಮಳೆ ಸುರಿಯುವಾಗ ಆರಿದ್ರ ನಕ್ಷತ್ರ ಕಾಣುವುದಿಲ್ಲ. ಆಗ ಸೂರ್ಯನೇ ಅದರ ಬಳಿ ಇರುತ್ತಾನೆ. ಮೋಡವಿಲ್ಲದಿದ್ದರೂ ಕಾಣದು. ಅಂದಮೇಲೆ ಈ ಹೆಸರಿಟ್ಟವರು ಬೇಸಿಗೆಯ ಸಂಜೆಗಳಲ್ಲಿ ಆ ತಾರೆ ಪಶ್ಚಿಮಕ್ಕೆ ಜಾರುವುದನ್ನು, ಮಳೆಗಾಲದ ಬಿಡುವಿನ ಮುಂಜಾವುಗಳಲ್ಲಿ ಪೂರ್ವಕ್ಕೆ ಮೂಡುವುದನ್ನು ತಲೆಮಾರುಗಟ್ಟಲೆ ನೋಡಿ ಲೆಕ್ಕವಿಟ್ಟಿದ್ದರು. ಸಂಬಳವಿಲ್ಲದ ಖಗೋಳ ಕಾಯಕದವರು ಅವರು. ಅವರ ಮೊಮ್ಮಕ್ಕಳಿಗೆ ಮಳೆಯ ಹೆಸರು ಕ್ಯಾಲೆಂಡರಿನ ಅಚ್ಚಿನಲ್ಲಿ ಉಳಿದಿದೆ; ನಕ್ಷತ್ರ ಉಳಿದಿಲ್ಲ.

ಮನುಷ್ಯನ ನಷ್ಟ ಒಂದು ಕಡೆಗಿರಲಿ. ಮುಂಗಾರಿಗೆ ಮುನ್ನ ಸಹ್ಯಾದ್ರಿಯ ಮರಗಳಲ್ಲಿ ಮಿಂಚುಹುಳುಗಳು ಒಂದೇ ತಾಳಕ್ಕೆ ಮಿನುಗುತ್ತವೆ. ಆ ಮಿನುಗು ಅವುಗಳ ಕೂಡಿಕೆಯ ಕರೆ. ಗಂಡಿನ ಸಂಕೇತ ಹೆಣ್ಣಿಗೆ ಕಾಣದಿದ್ದರೆ ಮುಂದಿನ ಪೀಳಿಗೆಯಿಲ್ಲ. ರೆಸಾರ್ಟಿನ ಫ್ಲಡ್‌ಲೈಟಿನ ಕೆಳಗೆ ಆ ಕರೆ ಯಾರಿಗೆ ಕೇಳಿಸೀತು? ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ದೀಪ ನಿಲ್ಲಿಸಿ ನೋಡಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು: ದೀಪವಿದ್ದಲ್ಲಿ ಹೂವಿಗೆ ಬರುವ ರಾತ್ರಿಯ ಕೀಟಗಳ ಭೇಟಿ ಶೇ. 62ರಷ್ಟು ಕಡಿಮೆಯಾಗಿತ್ತು. ದಕ್ಷಿಣ ಆಫ್ರಿಕಾದ ಸಗಣಿಹುಳು ಆಕಾಶಗಂಗೆಯ ಪಟ್ಟಿಯನ್ನು ಆಧಾರ ಮಾಡಿಕೊಂಡು ನೇರ ದಾರಿ ಹಿಡಿಯುತ್ತದೆಂದು 2013ರಲ್ಲಿ ತಿಳಿಯಿತು. ಸಗಣಿಹುಳುವಿಗೆ ಬೇಕಾದ ಆಕಾಶ ತಮಗೆ ಬೇಡವೆಂದು ನಿರ್ಧರಿಸಿದವರು ಮನುಷ್ಯರು.

ಈಗ ಬೆಟ್ಟದ ಮಾತು. ಗುಡ್ಡದ ನೆತ್ತಿಯ ಮೇಲೆ ಹಚ್ಚಿದ ಒಂದು ದೀಪ ಬಯಲಿನ ನೂರು ದೀಪಕ್ಕಿಂತ ಹೆಚ್ಚು ಕೇಡು ಮಾಡುತ್ತದೆ, ಏಕೆಂದರೆ ಅದಕ್ಕೆ ಅಡ್ಡವಿಲ್ಲ. ಕಣಿವೆಯ ಅತ್ತಕಡೆಯ ಕಾಡಿಗೂ ಅದು ತಾಗುತ್ತದೆ. ಮಂಜು ಕವಿದ ರಾತ್ರಿ ಇಡೀ ಇಳಿಜಾರು ಹಾಲಿನಂತೆ ಬೆಳಗುತ್ತದೆ. ದೇವಸ್ಥಾನದ ಗೋಪುರಕ್ಕೆ, ವ್ಯೂಪಾಯಿಂಟಿಗೆ, ಹೋಮ್‌ಸ್ಟೇಯ ಕಾಂಪೌಂಡಿಗೆ, ತೋಟದ ಬಂಗಲೆಯ ಗೇಟಿಗೆ ಬೆಳಗಿನವರೆಗೆ ಉರಿಯುವ ಬೆಳಕು ಯಾರಿಗಾಗಿ? ಪ್ರವಾಸಿಗಾಗಿ ಎನ್ನುತ್ತಾರೆ. ನಗರದಲ್ಲಿ ಕಾಣದ ನಕ್ಷತ್ರ ಕಂಡೀತೆಂದು ಬೆಟ್ಟಕ್ಕೆ ಬಂದ ಪ್ರವಾಸಿಗೆ ನಗರದ ದೀಪವನ್ನೇ ತೋರಿಸಿ ಕಳಿಸುವುದು ಎಂಥ ಆತಿಥ್ಯವೊ!

ಕತ್ತಲೆಯನ್ನು ಕಾಯಿರಿ ಎಂದೊಡನೆ ಏಳುವ ಆಕ್ಷೇಪ ಒಂದಿದೆ, ಅದು ಹಗುರವಾದುದಲ್ಲ. ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲಿ ಓದಿದ ಹಳ್ಳಿಗೆ ಈಗಷ್ಟೇ ಕಂಬ ಬಂದಿದೆ, ಅದನ್ನೂ ಆರಿಸಬೇಕೆ? ಶರಾವತಿಯ ನೆನಪಿರುವ ಯಾರೂ ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ಲಿಂಗನಮಕ್ಕಿಯ ಹಿನ್ನೀರಿಗೆ 1964ರಲ್ಲಿ ಮನೆ-ಗದ್ದೆ ಒಪ್ಪಿಸಿದವರ ಎಷ್ಟೋ ಊರುಗಳಿಗೆ ಅದೇ ನೀರಿನ ವಿದ್ಯುತ್ತು ಬಹುಕಾಲ ತಲುಪಲಿಲ್ಲ. ತಂತಿ ಅವರ ತಲೆಯ ಮೇಲೆಯೇ ಹಾಯ್ದು ಬೆಂಗಳೂರಿಗೆ ಹೋಯಿತು. ಆದರೆ ಈ ನೆನಪು ದೀಪದ ದುಂದಿನ ಪರವಾಗಿ ವಾದಿಸುವುದಿಲ್ಲ, ಅದರ ವಿರುದ್ಧ ವಾದಿಸುತ್ತದೆ. ಮೋಡದ ಹೊಟ್ಟೆಗೆ ಹೊಡೆಯುವ ಪ್ರತಿಯೊಂದು ಫ್ಲಡ್‌ಲೈಟೂ ಯಾವುದೋ ಕಣಿವೆಯ ಮುಳುಗಿದ ತೋಟವನ್ನು ಆಕಾಶಕ್ಕೆ ಚೆಲ್ಲುತ್ತಿದೆ. ಶರಾವತಿ ಕಣಿವೆಯಲ್ಲಿಯೇ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸಮರ್ಥಿಸಿದವರು ಮುಂದಿಟ್ಟದ್ದು ಸಂಜೆಯ ಗರಿಷ್ಠ ಬೇಡಿಕೆಯ ಲೆಕ್ಕವನ್ನು. ಆ ಬೇಡಿಕೆಯಲ್ಲಿ ಯಾರ ಕಣ್ಣಿಗೂ ಬೇಡವಾದ ಬೆಳಕಿನ ಪಾಲೆಷ್ಟೆಂದು ಅವರು ಮೊದಲು ತಿಳಿಸಲಿ.

ಆನೆ, ಚಿರತೆಗಳ ಭಯವೂ, ಕತ್ತಲಾದ ಮೇಲೆ ಬಸ್ಸಿಳಿದು ಒಬ್ಬಳೇ ಮನೆಗೆ ನಡೆಯುವ ಹುಡುಗಿಯ ಭಯವೂ ನಿಜ. ಅವಳಿಗೆ ಬೇಕಾದದ್ದು ಕಾಲುದಾರಿಯ ಮೇಲೆ ಬೀಳುವ ಬೆಳಕು. ಮೂವತ್ತು ಅಡಿ ಎತ್ತರದಿಂದ ಕಣ್ಣು ಕುಕ್ಕಿ, ತೋಟದ ಅಂಚನ್ನು ಮತ್ತಷ್ಟು ಕಪ್ಪಾಗಿಸುವ ಹೈಮಾಸ್ಟ್ ಅವಳನ್ನು ಕಾಯುವುದಿಲ್ಲ. ನೆರಳಲ್ಲಿ ನಿಂತವನನ್ನು ಕಾಯುತ್ತದೆ.

ಖಗೋಳ ವಿಜ್ಞಾನಿಗಳನ್ನೂ ಇಲ್ಲಿ ಸುಮ್ಮನೆ ಬಿಡುವಂತಿಲ್ಲ. ಆಕಾಶ ಕೆಟ್ಟಾಗಲೆಲ್ಲ ಅವರು ಜಾಗ ಹುಡುಕಿದರೇ ಹೊರತು ಜಗಳವಾಡಿದ್ದು ಕಡಿಮೆ. ಹೊಸ ಬೆಟ್ಟಕ್ಕೆ ಅರ್ಜಿ ಹಾಕಿದ ಕೈಗಳು ಹಳೆಯ ಊರಿನ ದೀಪಕ್ಕೆ ಮುಚ್ಚಳ ಕೇಳಿ ಅರ್ಜಿ ಬರೆಯಲಿಲ್ಲ. ವೀಕ್ಷಣಾಲಯಕ್ಕೆಂದು ಏರಿದ ರಸ್ತೆ, ತಂತಿಗಳೂ ಬೆಟ್ಟದ ಪಾಲಿಗೆ ರಸ್ತೆ, ತಂತಿಗಳೇ. ನ್ಯೂಟ್ರಿನೊ ಪ್ರಯೋಗಾಲಯಕ್ಕೆ ನೀಲಗಿರಿಯ ಸಿಂಗಾರ ಪ್ರದೇಶವನ್ನು ಕೇಳಿದಾಗ, ಅದು ಮುದುಮಲೈ ಹುಲಿಗಳ ನೆಲೆಯ ಅಂಚೆಂದು 2009ರಲ್ಲಿ ಕೇಂದ್ರದ ಪರಿಸರ ಸಚಿವಾಲಯ ನಿರಾಕರಿಸಬೇಕಾಯಿತು. ವಿಜ್ಞಾನ ಬಂದರೆ ಗುಡ್ಡ ತಾನೇ ಉಳಿದೀತೆಂಬ ಭೋಳೆತನ ಬೇಡ.

ಆದರೂ ಹಾನ್ಲೆಯಲ್ಲಿ ಒಂದು ಬೇರೆ ದಾರಿ ತೆರೆದಿದೆ. 2022ರ ಡಿಸೆಂಬರಿನಲ್ಲಿ ಅಲ್ಲಿನ 1,073 ಚದರ ಕಿಲೊಮೀಟರ್ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಎಂದು ಘೋಷಿಸಲಾಯಿತು. ಸುತ್ತಲ ಹಾಡಿಗಳ 24 ಜನರಿಗೆ ದೂರದರ್ಶಕ ಕೊಟ್ಟು ತರಬೇತಿ ನೀಡಲಾಯಿತು. ಬರುವ ಅತಿಥಿಗೆ ಆಕಾಶ ತೋರಿಸುವುದು ಈಗ ಅವರ ಜೀವನೋಪಾಯದ ಒಂದು ಭಾಗ. ಊರವರು ಕಿಟಕಿಗೆ ಪರದೆ ಹಾಕಲು, ಹೊರದೀಪಕ್ಕೆ ಮರೆ ಕಟ್ಟಲು ಒಪ್ಪಿದರು. ಇಲ್ಲಿಯೂ ಎಚ್ಚರ ತಪ್ಪಬಾರದು. ಕತ್ತಲೆ ಮಾರಾಟದ ಸರಕಾದೊಡನೆ ಅದನ್ನು ನೋಡಲು ಬರುವ ಸಾಲು ಸಾಲು ಕಾರುಗಳ ಹೆಡ್‌ಲೈಟು ಆ ಕತ್ತಲನ್ನೇ ತಿನ್ನುತ್ತದೆ. ಆದರೆ ದೀಪದ ಸ್ವಿಚ್ಚು ಊರಿನ ಕೈಯಲ್ಲಿದೆ ಎಂಬ ಮಾತು ಅಲ್ಲಿ ಸಾಬೀತಾಗಿದೆ.

ಆಕಾಶದಲ್ಲಿಯೇ ಹಚ್ಚಿದ ದೀಪಗಳ ಮೇಲೆ ಮಾತ್ರ ಯಾವ ಊರಿನ ಸ್ವಿಚ್ಚಿಗೂ ಅಧಿಕಾರವಿಲ್ಲ. 2019ರ ಮೇ ತಿಂಗಳಲ್ಲಿ ಸ್ಪೇಸ್‌ಎಕ್ಸ್ ಕಂಪನಿ ಒಂದೇ ಏಟಿಗೆ 60 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹಾರಿಸಿತು. ಅನಂತರ ಅವು ಸಾವಿರಗಟ್ಟಲೆಯಾದವು. ಆ ಜಗಳ ದೊಡ್ಡದು, ಬೇರೆಡೆ ನಡೆಯಬೇಕಾದುದು.

ನೆಲದ ದೀಪದ ಜಗಳ ಹಾಗಲ್ಲ. ಅಮೆರಿಕದ ಫ್ಲಾಗ್‌ಸ್ಟಾಫ್ ಪಟ್ಟಣ 1958ರಲ್ಲಿಯೇ ಜಾಹೀರಾತಿನ ಸರ್ಚ್‌ಲೈಟುಗಳನ್ನು ನಿಷೇಧಿಸಿತ್ತು. ಅಲ್ಲಿ ವಾಸಿಸುವವರು ಕತ್ತಲಲ್ಲಿ ಎಡವಿ ಬಿದ್ದ ವರದಿಯಿಲ್ಲ. ಕರ್ನಾಟಕದಲ್ಲಿಯೇ ನಿದರ್ಶನವಿದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಓಡಬಾರದೆಂದು 2009ರಲ್ಲಿ ಆದೇಶವಾದಾಗ ವ್ಯಾಪಾರ ಮುಳುಗಿತೆಂದು ಕೂಗೆದ್ದಿತು. 2010ರಲ್ಲಿ ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಒಂದು ಕಾಡಿನ ಇರುಳು ಪ್ರಾಣಿಗಳಿಗೆ ಸೇರಿದ್ದೆಂದು ಒಪ್ಪಿದ ನಾಡು, ಒಂದು ಬೆಟ್ಟದ ಇರುಳು ಮಿಂಚುಹುಳಕ್ಕೂ ಮಗುವಿಗೂ ಸೇರಿದ್ದೆಂದು ಒಪ್ಪಲಾರದೆ?

ಬೀದಿದೀಪ ಗ್ರಾಮ ಪಂಚಾಯಿತಿಯ ಹೊಣೆ; ಅದರ ಬಿಲ್ಲಿನ ಬಾಕಿಯ ಹೊರೆಯೂ ಪಂಚಾಯಿತಿಯದೇ. ಆದ್ದರಿಂದ ಠರಾವು ಆಗಬೇಕಾದದ್ದು ಗ್ರಾಮಸಭೆಯಲ್ಲಿ. ಹೊಸ ದೀಪವೆಲ್ಲಕ್ಕೂ ಮೇಲೆ-ಪಕ್ಕಕ್ಕೆ ಬೆಳಕು ಸೋರದಂತೆ ಮುಚ್ಚಳವಿರಲಿ. ಬಲ್ಬು 3,000 ಕೆಲ್ವಿನ್‌ಗಿಂತ ಹೆಚ್ಚಿನ ಬಿಳುಪಿನದಾಗಿರಬಾರದು. ಈ ಸಂಖ್ಯೆ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ, ಗುತ್ತಿಗೆದಾರ ಗೊತ್ತಿಲ್ಲ ಎನ್ನುವಂತಿಲ್ಲ. ರಾತ್ರಿ ಹತ್ತರ ಮೇಲೆ ಗೋಪುರದ, ಫಲಕದ, ವ್ಯೂಪಾಯಿಂಟಿನ ದೀಪ ಆರಲಿ. ಗುಡ್ಡದ ನೆತ್ತಿಗೆ ಹೈಮಾಸ್ಟ್ ಮಂಜೂರಾಗಿ ಬಂದರೆ ಅದು ಯಾವ ಅನುದಾನದ್ದೇ ಆಗಿರಲಿ, ಸಭೆ ತಿರಸ್ಕರಿಸಲಿ. ಹೋಮ್‌ಸ್ಟೇಗೆ ಪರವಾನಗಿ ಕೊಡುವಾಗ ಹೊರದೀಪದ ಷರತ್ತನ್ನು ಬರೆಸಲಿ.

ಠರಾವಿಗೆ ಸಾಕ್ಷ್ಯ ಬೇಕೆಂದು ಅಧಿಕಾರಿಗಳು ಕೇಳುತ್ತಾರೆ. ಅದಕ್ಕೆ ದೂರದರ್ಶಕ ಬೇಡ. ಮಾಘ ಮಾಸದ ಅಮಾವಾಸ್ಯೆಯ ಆಸುಪಾಸು ಮಂಜಿಲ್ಲದ ಸಂಜೆಗಳಲ್ಲಿ ಶಾಲೆಯ ಮಕ್ಕಳು ಬಯಲಲ್ಲಿ ಅರ್ಧ ಗಂಟೆ ದೀಪವಿಲ್ಲದೆ ಕುಳಿತು, ಕೃತ್ತಿಕೆಯ ಗೊಂಚಲಿನಲ್ಲಿ ಎಷ್ಟು ಚುಕ್ಕಿ ಕಾಣುತ್ತವೆಂದು ಎಣಿಸಿ ದಿನಾಂಕದೊಡನೆ ಬರೆದಿಡಲಿ. ಒಳ್ಳೆಯ ಕತ್ತಲಲ್ಲಿ ಸಾಧಾರಣ ಕಣ್ಣಿಗೆ ಆರು ಕಾಣುತ್ತವೆ, ಚುರುಕುಗಣ್ಣಿಗೆ ಏಳು ಅಥವಾ ಅದಕ್ಕೂ ಹೆಚ್ಚು. ಮರುವರ್ಷ ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ, ಮತ್ತೆ ಎಣಿಸಲಿ. ಆ ಪುಸ್ತಕದ ಪ್ರತಿಯೊಂದನ್ನು ಪಂಚಾಯಿತಿಯ ಕಾರ್ಯದರ್ಶಿಗೆ ಸ್ವೀಕೃತಿ ಪಡೆದು ಕೊಡಬೇಕು, ಇನ್ನೊಂದನ್ನು ಶಾಲೆಯಲ್ಲಿಯೇ ಇಡಬೇಕು.